ಅತ್ತೆಯ ಪಾದ, ಅಪ್ಪನ ಎಣ್ಣೆಬಟ್ಟೆ

ಹಲಸೂರಿನ ನಮ್ಮ ಮನೆಯಲ್ಲಿ ಎಷ್ಟು ಕೋಣೆಗಳಿದ್ದವು ಎಂದು ಕೇಳಿದವರಿಗೆ ನಾನು ಒಂದೊಂದು ಸಲ ಒಂದೊಂದು ಉತ್ತರ ಕೊಟ್ಟಿದ್ದೇನೆ. ಸುಳ್ಳು ಹೇಳಬೇಕೆಂದಲ್ಲ. ಬೇಸಿಗೆಯಲ್ಲಿ ಆ ಮನೆಯೆಂದರೆ ಒಂದು ಪಡಸಾಲೆ, ಒಂದು ಅಡುಗೆಮನೆ, ಹಿಂದೆ ಬಚ್ಚಲು, ಅದರಾಚೆ ಹಿತ್ತಲು. ಮಳೆಗಾಲ ಬಂದರೆ ಅದೇ ಪಡಸಾಲೆ ನಾಲ್ಕೈದು ಕೋಣೆಯಾಗುತ್ತಿತ್ತು. ಅಪ್ಪ ಎಣ್ಣೆಬಟ್ಟೆ ಮಾಡುತ್ತಿದ್ದ. ದಪ್ಪ ಹತ್ತಿಬಟ್ಟೆಗೆ ಕಾಯಿಸಿದ ಅಗಸೆ ಎಣ್ಣೆ, ಮೇಣ ಬಳಿದು, ಒಣಗಿಸಿ, ಮತ್ತೆ ಬಳಿದು, ನೀರು ಇಳಿಯದ ಹಾಗೆ ಮಾಡುವ ಕೆಲಸ. ಜಟಕಾಗಾಡಿಯ ಮುಸುಕು, ಅಂಗಡಿಯ ಮುಂದಿನ ಪರದೆ, ಯುದ್ಧ ಶುರುವಾದ ಮೇಲೆ ಸಿಪಾಯಿಗಳ ಹೊದಿಕೆ. ಬಿಸಿಲಿದ್ದಾಗ ಹಿತ್ತಲಿನಲ್ಲಿ ಒಣಗುತ್ತಿದ್ದ ಬಟ್ಟೆಗಳು ಮಳೆ ಹಿಡಿದರೆ ಒಳಗೆ ಬಂದು, ಅಡ್ಡ ಕಟ್ಟಿದ ಹಗ್ಗಗಳ ಮೇಲೆ ನೇತುಬಿದ್ದು ಗೋಡೆಗಳಾಗುತ್ತಿದ್ದವು. ನಿನ್ನೆ ಮಲಗಿದ್ದ ಜಾಗ ಇವತ್ತು ಇರುತ್ತಿರಲಿಲ್ಲ. ಊಟಕ್ಕೆ ಕೂತರೆ ಅಜ್ಜಿಯ ದನಿ ಕೇಳುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಸಾರಿಗೂ ಅನ್ನಕ್ಕೂ ಅಗಸೆ ಎಣ್ಣೆಯ ವಾಸನೆ. ನನ್ನ ತಮ್ಮ ಇದೆಲ್ಲ ನಾನು ಕಟ್ಟಿದ ಕಥೆ ಅನ್ನುತ್ತಾನೆ, ಬಟ್ಟೆ ಯಾವತ್ತೂ ಹಿತ್ತಲ ಚಪ್ಪರದಲ್ಲೇ ಒಣಗುತ್ತಿದ್ದದ್ದು ಅನ್ನುತ್ತಾನೆ. ಅವನು ಆಗ ತೊಟ್ಟಿಲಲ್ಲಿದ್ದ. ಆದರೂ ಅವನು ಹಾಗೆ ಅಂದಾಗೆಲ್ಲ ಒಂದು ಗೋಡೆ ಕಳಚಿ ಬಿದ್ದಂತಾಗಿ ನನಗೆ ಅನುಮಾನ ಶುರುವಾಗುತ್ತದೆ.

ಅನುಮಾನವಿಲ್ಲದ್ದು ಅಪ್ಪನ ಪರೀಕ್ಷೆ. ಬಟ್ಟೆ ತಯಾರಾದ ಮೇಲೆ ಅದರ ನಾಲ್ಕು ಮೂಲೆ ಎತ್ತಿ ಕಟ್ಟಿ, ನಡುವೆ ಜೋಲಿಯ ಹಾಗೆ ಬಿಟ್ಟು, ಅದಕ್ಕೊಂದು ಚೊಂಬು ನೀರು ಸುರಿಯುತ್ತಿದ್ದ. ಕೆಳಗೆ ನೆಲಕ್ಕೆ ಬೂದಿ ಉದುರಿಸಿಡುತ್ತಿದ್ದ. ಬೆಳಗ್ಗೆ ಎದ್ದು ಬೂದಿಯ ಮೇಲೆ ಒಂದೇ ಒಂದು ಹನಿಯ ಗುರುತು ಕಂಡರೂ ಆ ಬಟ್ಟೆ ಮಾರಾಟಕ್ಕಿಲ್ಲ. ಬ್ಲಾಕ್‌ಪಳ್ಳಿಯಿಂದ (ಆಗ ಅದನ್ನು ಯಾರೂ ಶಿವಾಜಿನಗರ ಅನ್ನುತ್ತಿರಲಿಲ್ಲ) ಬಟ್ಟೆ ಕೊಳ್ಳಲು ಬರುತ್ತಿದ್ದ ವ್ಯಾಪಾರಿ ಗಫೂರ್ ಸಾಹೇಬರು ಬಾಗಿಲಲ್ಲೇ ಬಗ್ಗಿ ಬೂದಿ ನೋಡುತ್ತಿದ್ದರು. ಅಪ್ಪನ ಮಾತೆಲ್ಲ ಆ ಬೂದಿಯೇ ಆಡುತ್ತಿತ್ತು.

ಈ ಮನೆಯಲ್ಲಿ ಪದ್ದತ್ತೆ ಇದ್ದಳು, ಅಪ್ಪನ ತಂಗಿ. ಮದುವೆಯಾಗಿ ಗಂಡನ ಮನೆಗೆ ಹೋಗುವ ಮೊದಲೇ ಗಂಡ ತೀರಿಕೊಂಡು, ಹೋಗಬೇಕಾದ ಕಡೆ ಹೋಗದೆ ಇಲ್ಲೇ ಉಳಿದವಳು. ಕುಂಕುಮವಿಲ್ಲ, ಹೂವಿಲ್ಲ, ಬಳೆಯಿಲ್ಲ. ಹಬ್ಬದ ದಿನ ಅಡುಗೆಮನೆಯ ಬಾಗಿಲಿನಿಂದ ಈಚೆಗಿಲ್ಲ. ಈ ಇಲ್ಲಗಳನ್ನೆಲ್ಲ ಕಾಯುತ್ತಿದ್ದವಳು ಅಜ್ಜಿ, ಹೆತ್ತ ತಾಯಿ. ಅಂಥ ಅತ್ತೆ ಓದಿದ್ದು, ಟ್ರೈನಿಂಗ್ ಮುಗಿಸಿದ್ದು, ಕಗ್ಗದಾಸಪುರದ ಸ್ಕೂಲಿನಲ್ಲಿ ಟೀಚರಾಗಿದ್ದು ಹೇಗೆ ಎಂಬುದನ್ನು ನಾನು ನೋಡಿಲ್ಲ. ನನಗೆ ತಿಳಿವು ಬರುವ ಹೊತ್ತಿಗೆ ಅವಳು ದಿನಾ ಬೆಳಗ್ಗೆ ಹೊರಡುತ್ತಿದ್ದಳು, ಜೊತೆಗೆ ನಾನೂ. ಹಲಸೂರಿನಲ್ಲೇ ಹತ್ತು ಹೆಜ್ಜೆಗೊಂದು ಸ್ಕೂಲಿದ್ದರೂ ನನ್ನನ್ನು ಅಷ್ಟು ದೂರ ಸೇರಿಸಿದ್ದು ನನ್ನ ಓದಿಗಲ್ಲ. ಒಂಟಿ ಹೆಂಗಸು ಹೊಲದ ದಾರಿಯಲ್ಲಿ ಒಂಟಿಯಾಗಿ ಕಾಣಬಾರದು ಎಂದು.

ದಾರಿ ಎಂದರೆ ಈಗ ಇಂದಿರಾನಗರ ಇರುವ ಕಡೆಯ ಹೊಲಗಳು. ಬಿನ್ನಮಂಗಲ ದಾಟಿ, ತಿಪ್ಪಸಂದ್ರದ ರಾಗಿ ಹೊಲಗಳ ಬದು ಹಿಡಿದು, ತಲೆಯ ಮೇಲೆ ಹೊಸ ವಿಮಾನಗಳ ಸದ್ದು ಕೇಳುತ್ತ ನಡೆದರೆ ಕಗ್ಗದಾಸಪುರದ ಕೆರೆ ಏರಿ. ಬ್ರಿಟಿಷರ ದಂಡಿನ ಪ್ರದೇಶ ಮುಗಿದು ಮಹಾರಾಜರ ಸೀಮೆ ಶುರುವಾಗುವುದು ಎಲ್ಲಿ ಎಂದು ನಾನು ಕೇಳಿದಾಗ ಅತ್ತೆ, "ಕೆಸರು ಕೆಂಪಾದ ಕಡೆ" ಅಂದಿದ್ದಳು. ಬೇಸಿಗೆಯಲ್ಲಿ ಅದು ಹಾಡು ಹೇಳಿಕೊಂಡು ನಡೆಯುವ ದಾರಿ. ಹಸ್ತ ಚಿತ್ತೆ ಮಳೆಗಳಲ್ಲಿ ಅದು ದಾರಿಯಾಗಿರದೆ ಹಳ್ಳವಾಗುತ್ತಿತ್ತು. ಹಿಂದಿನ ವರ್ಷದ ಮಳೆಯಲ್ಲಿ ಅತ್ತೆಯ ಕಾಲಿಗೆ ಕೆಸರುಹುಣ್ಣಾಗಿ, ಬೆರಳ ಸಂದಿಗಳೆಲ್ಲ ಬಿರಿದು, ಕಣಕಾಲಿನವರೆಗೆ ಬಾವು ಏರಿ, ಜ್ವರದಲ್ಲಿ ಮಲಗಿದವಳು ದೀಪಾವಳಿಗೆ ಎದ್ದಿದ್ದಳು. ಆದ್ದರಿಂದ ಈ ವರ್ಷ ಮೋಡ ಕಟ್ಟಿದ ದಿನವೇ ಅಪ್ಪ ಅವಳನ್ನು ಕರೆದು ಕೂರಿಸಿದ.

"ನೋಡು ಪದ್ದಿ, ಹೋದ ಸಲದ ಹಾಗೆ ಕಾಲು ಕೆಟ್ರೆ ಮುಗೀತು. ಕೆಲ್ಸ ಬಿಟ್ಬಿಡು."

"ಕೆಡದಿದ್ರೆ?"

"ಕೆಡದಿದ್ರೆ ಹೋಗು, ಯಾರ್ ಬೇಡ ಅಂದ್ರು."

ಎಣ್ಣೆಬಟ್ಟೆಯ ಆಚೆಯಿಂದ ಅಜ್ಜಿಯ ದನಿ ಬಂತು.

"ಕೂತು ತಿನ್ನೋಕೆ ಈ ಮನೇಲಿ ಏನ್ ಕಮ್ಮಿಯಾಗಿದೆ ಅಂತ."

"ಕೂರೋದಕ್ಕೇ ಕಷ್ಟ ಅಮ್ಮ," ಅಂದಳು ಅತ್ತೆ. "ತಿನ್ನೋದಕ್ಕಲ್ಲ."

ಹೀಗೆ ಒಬ್ಬ ಹೆಂಗಸಿನ ಹೊರಗಿನ ಬದುಕೆಲ್ಲ ಅವಳ ಎರಡು ಪಾದಗಳ ಮೇಲೆ ಬಂದು ನಿಂತಿತು. ಮನೆಯವರೆಲ್ಲ ಆ ಪಾದಗಳ ಹಿಂದೆ ಬಿದ್ದರು. ಮೊದಲು ಬಂದದ್ದು ಗಂಬೂಟು. ಗಫೂರ್ ಸಾಹೇಬರು ಎಲ್ಲಿಂದಲೋ ಹುಡುಕಿ ತಂದ, ಯಾವನೋ ದೊಡ್ಡ ಕಾಲಿನ ಸಿಪಾಯಿ ಬಿಟ್ಟುಹೋದ ಕರಿ ರಬ್ಬರಿನ ಬೂಟು. ಮುಂದಕ್ಕೆ ಹತ್ತಿ ತುರುಕಿಕೊಂಡು ಅತ್ತೆ ಅದನ್ನು ಹಾಕಿದಳು. ತಿಪ್ಪಸಂದ್ರದ ಹಳ್ಳದಲ್ಲಿ ನೀರು ಬೂಟಿನ ಬಾಯಿಗಿಂತ ಮೇಲಿತ್ತು. ಒಳಗೆ ಹೋದ ನೀರು ಹೊರಗೆ ಬರಲಿಲ್ಲ. ಉಳಿದ ದಾರಿಯುದ್ದಕ್ಕೂ ಅತ್ತೆ ಎರಡು ಬಿಂದಿಗೆ ನೀರನ್ನು ಕಾಲಿನಲ್ಲಿ ಹೊತ್ತು ನಡೆದಳು. ಸ್ಕೂಲಿನ ಜಗಲಿಯ ಮೇಲೆ ಕೂತು ಬೂಟು ಬಗ್ಗಿಸಿದಾಗ ನೀರಿನ ಜೊತೆ ಒಂದು ಗೊದಮೊಟ್ಟೆಯೂ ಬಿತ್ತು. ಮಕ್ಕಳು ನಕ್ಕರು. ಅತ್ತೆಯೂ ನಕ್ಕು, ಆ ಗೊದಮೊಟ್ಟೆಯನ್ನು ಲೋಟದಲ್ಲಿ ಹಾಕಿಟ್ಟು ಅವತ್ತು ಅದರ ಮೇಲೇ ಪಾಠ ಮಾಡಿದಳು. ಸಂಜೆ ಮನೆಯಲ್ಲಿ ಅಪ್ಪ ಮಾತ್ರ ನಗಲಿಲ್ಲ.

"ಬೂಟು ಅಂದ್ರೆ ಬಾಯಿ ತೆರೆದ ಡಬ್ಬ. ಡಬ್ಬದಲ್ಲಿ ಕಾಲಿಟ್ಕೊಂಡು ನಡಿಯೋಕಾಗತ್ತಾ? ನಾನು ಮಾಡ್ತೀನಿ ಇರು."

ಅವನು ಮಾಡಿದ್ದು ಎಣ್ಣೆಬಟ್ಟೆಯ ಕಾಲುಚೀಲ. ಪಾದದಿಂದ ಮೊದಲಾಗಿ ಮೊಣಕಾಲಿನ ಮೇಲಿನವರೆಗೆ ಒಂದೇ ಹೊದಿಕೆ. ಅಳತೆ ತೆಗೆದು ಹೊಲಿಗೆ ಹಾಕಿದವಳು ಅಮ್ಮ, ಹೊಲಿಗೆಯ ತೂತುಗಳಿಗೆ ಮೇಣ ತುಂಬಿದವನು ಅಪ್ಪ. ಮೇಲೆ ಬಿಗಿಯಾಗಿ ಕಟ್ಟಲು ಎರಡು ಲಾಡಿ. ಅಂಗಡಿಗೆ ಹೋಗುವ ಬಟ್ಟೆಗೆ ಬಳಿಯುವುದಕ್ಕಿಂತ ಹೆಚ್ಚು ಸಲ ಎಣ್ಣೆ ಬಳಿದು, ಸಾಹೇಬರು ಕಾಯುತ್ತಿದ್ದರೂ ಅವರ ಕೆಲಸ ಪಕ್ಕಕ್ಕಿಟ್ಟು ಅವನು ಅದನ್ನು ಮುಗಿಸಿದ. ಸೀರೆಯ ಒಳಗೆ ಅದನ್ನು ಹಾಕಿಕೊಂಡು ಅತ್ತೆ ಪಡಸಾಲೆಯಲ್ಲಿ ನಡೆದರೆ ಒಣಗಿದ ಎಲೆ ತುಳಿದ ಸದ್ದು. ಹಳ್ಳ ದಾಟುವಾಗ ಸೀರೆ ಎತ್ತಿದರೂ ಕಾಲು ಕಾಣುವುದಿಲ್ಲ, ಕಂದು ಬಟ್ಟೆ ಮಾತ್ರ ಕಾಣುತ್ತದೆ. ಅಜ್ಜಿ ಅದನ್ನು ಗಮನಿಸಿ ತಲೆದೂಗಿದಳು. ಕಥೆಯ ಈ ಜಾಗದಲ್ಲಿ ನಾನು ಪ್ರತಿ ಸಲ ನಿಲ್ಲುತ್ತೇನೆ. ನಮ್ಮ ಮನೆಯಲ್ಲಿ ಅಷ್ಟೆಲ್ಲ ಗಲಾಟೆ ನಡೆದದ್ದು ಅತ್ತೆಯ ಕಾಲು ಒದ್ದೆಯಾಗಬಾರದು ಎಂದೋ, ಅತ್ತೆಯ ಕಾಲು ಕಾಣಬಾರದು ಎಂದೋ? ಅಪ್ಪನನ್ನು ಕೇಳಿದ್ದರೆ ಅವನಿಗೂ ಗೊತ್ತಿರುತ್ತಿರಲಿಲ್ಲ. ಅವನ ಪ್ರೀತಿಯಲ್ಲಿ ನನಗೆ ಅನುಮಾನವಿಲ್ಲ. ಅಂಗಡಿಗೆ ಹೋಗುವ ಬಟ್ಟೆಗಿಂತ ಹೆಚ್ಚು ಎಣ್ಣೆ ಬಳಿದಿದ್ದ ಎಂದು ಹೇಳಿದೆನಲ್ಲ.

ಸಂಜೆ ನಾವು ಬಂದ ಕೂಡಲೇ ಅಪ್ಪ ಕಾಲುಚೀಲವನ್ನು ಈಸಿಕೊಂಡು ಒಳಗೆ ಕೈ ಹಾಕಿ ನೋಡುತ್ತಿದ್ದ. ಒಳಗೆ ತೇವ ಇರುತ್ತಿತ್ತು.

"ಬೆವರು," ಅನ್ನುತ್ತಿದ್ದ. "ಮಳೆ ನೀರಲ್ಲ. ಮೂಸಿ ನೋಡು."

"ಗೊತ್ತು ಅಣ್ಣ, ಬೆವರೇ," ಅನ್ನುತ್ತಿದ್ದಳು ಅತ್ತೆ.

ಅತ್ತೆ ಯಾಕೆ ಒಪ್ಪಿಕೊಳ್ಳುತ್ತಿದ್ದಳು ಎಂಬುದು ನನಗೆ ಬಹಳ ಕಾಲ ಅರ್ಥವಾಗಿರಲಿಲ್ಲ. ಕಾಲುಚೀಲ ಸೋತರೆ ಕೆಲಸ ಹೋಗುತ್ತದೆ. ಕಾಲುಚೀಲ ಗೆದ್ದಿದೆ ಎಂದು ಎಲ್ಲರೂ ನಂಬಿರುವವರೆಗೆ ಅವಳಿಗೆ ಸ್ಕೂಲಿದೆ. ಆದ್ದರಿಂದ ಸ್ಕೂಲಿಗೆ ಹೋಗುವ ದಾರಿ ಮುಚ್ಚದಿರಲಿ ಎಂದು ಅವಳು ಆ ಚೀಲದೊಳಗೆ ತನ್ನ ಕಾಲನ್ನು ದಿನವಿಡೀ ಕಟ್ಟಿಟ್ಟಳು. ಮಕ್ಕಳ ಎದುರಿಗೆ ಸೀರೆ ಎತ್ತಿ ಲಾಡಿ ಬಿಚ್ಚುವುದು ಹೇಗೆ ಎಂದು ಸ್ಕೂಲಿನಲ್ಲೂ ಬಿಚ್ಚುತ್ತಿರಲಿಲ್ಲ. ದಿನ ಕಳೆದಂತೆ ಅವಳ ನಡಿಗೆ ಬದಲಾಯಿತು. ಹಿಮ್ಮಡಿಯ ಮೇಲೆ ಭಾರ ಹಾಕಿ, ಬೆರಳುಗಳನ್ನು ಮೇಲೆತ್ತಿ ನಡೆಯತೊಡಗಿದಳು. ಒಂದು ಸಂಜೆ ಕಗ್ಗದಾಸಪುರದ ಕೆರೆ ಏರಿಯ ಮೇಲೆ ನಡೆಯಲಾರದೆ ಕಲ್ಲಿನ ಮೇಲೆ ಕೂತಳು. ಕೆರೆ ತುಂಬಿ ಕೋಡಿ ಬಿದ್ದಿತ್ತು. ಅವಳು ಲಾಡಿ ಬಿಚ್ಚಿ ಚೀಲ ಎಳೆದಾಗ ಬಂದ ವಾಸನೆ ಕೆರೆಯದ್ದು ಎಂದುಕೊಂಡೆ. ಪಾದ ಬೆಳ್ಳಗೆ, ಬೇಯಿಸಿದ ಗೆಣಸಿನ ಹಾಗೆ ಸುಕ್ಕಾಗಿತ್ತು. ಬೆರಳ ಸಂದಿಯಲ್ಲಿ ಹಸಿ ಕೆಂಪು.

"ಮರಿ, ನಿನ್ ಕಾಲು ತೋರ್ಸು."

"ನಂದಾ? ನಂಗೇನೂ ಆಗಿಲ್ಲ."

"ಅದಕ್ಕೇ ತೋರ್ಸು ಅಂದಿದ್ದು."

ನಾನು ಬರಿಗಾಲಿನವಳು. ನನ್ನ ಕಾಲಿನ ಬಗ್ಗೆ ಆ ಮನೆಯಲ್ಲಿ ಯಾರೂ ಒಂದು ಮಾತೂ ಆಡಿರಲಿಲ್ಲ. ಅತ್ತೆಯ ಜೊತೆ ಅದೇ ಹಳ್ಳ, ಅದೇ ಕೆಸರು, ಅದೇ ಮಳೆಯಲ್ಲಿ ನಡೆದು, ಸ್ಕೂಲಿನ ಹಂಡೆಯ ನೀರಿನಲ್ಲಿ ಕಾಲು ತೊಳೆದು, ಲಂಗದಲ್ಲಿ ಒರೆಸಿ, ನಡುಮಧ್ಯಾಹ್ನದವರೆಗೆ ಚಾಪೆಯ ಮೇಲೆ ಚಾಚಿ ಕೂರುತ್ತಿದ್ದೆ. ಅತ್ತೆ ನನ್ನ ಪಾದವನ್ನು ಮಡಿಲಿಗೆ ಎಳೆದುಕೊಂಡು ಒಂದೊಂದೇ ಬೆರಳನ್ನು ಅಗಲಿಸಿ ನೋಡಿದಳು. ಕೆಸರು ಮೆತ್ತಿದ್ದ, ಗಟ್ಟಿಯಾದ ಪಾದ. ಒಂದು ಬಿರುಕೂ ಇರಲಿಲ್ಲ. ಅವಳು ನನ್ನ ಇನ್ನೊಂದು ಪಾದವನ್ನೂ ಎಳೆದುಕೊಂಡು ನೋಡಿದಳು.

"ನೆನೆಯೋದ್ರಿಂದ ಅಲ್ಲ ಮರಿ," ಅಂದಳು ಕೊನೆಗೆ. "ನೆಂದಿದ್ದು ಒಣಗದೇ ಇರೋದ್ರಿಂದ."

ಅಂದಿನಿಂದ ಅವಳು ಚೀಲವನ್ನು ಬಿನ್ನಮಂಗಲದಾಚೆ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು, ಸೀರೆಯನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿ ಬರಿಗಾಲಿನಲ್ಲಿ ನಡೆದಳು ಎಂದು ಬರೆಯಲು ನನಗೆ ಇಷ್ಟ. ಎಷ್ಟು ದಿನ ಹಾಗೆ ನಡೆದಳೋ ಗೊತ್ತಿಲ್ಲ. ಬಹುಶಃ ಎರಡು ಮೂರು ದಿನ. ನನ್ನ ಕಣ್ಣಲ್ಲಿ ಅದು ಇಡೀ ಮಳೆಗಾಲದಷ್ಟು ಉದ್ದವಾಗಿದೆ. ಆದರೆ ಹುಣ್ಣು ಆಗಲೇ ಆಳಕ್ಕೆ ಇಳಿದಿತ್ತು. ಶನಿವಾರ ಬಚ್ಚಲಲ್ಲಿ ಎಣ್ಣೆ ನೀರು ಹಾಕುವಾಗ ಅಜ್ಜಿ ಅದನ್ನು ನೋಡಿಬಿಟ್ಟಳು. ಕೂಗಾಡಲಿಲ್ಲ. ಬಚ್ಚಲಿನಿಂದ ಹೊರಗೆ ಬಂದು ಅಪ್ಪನಿಗೆ ಇಷ್ಟೇ ಹೇಳಿದಳು.

"ಸೀನ, ಬಾ ಇಲ್ಲಿ. ನಿನ್ ತಂಗಿ ಕಾಲು ನೋಡು."

ಅಪ್ಪ ನೋಡಿದ. ಅವನ ಮುಖದಲ್ಲಿ ಮೊದಲು ಬಂದದ್ದು ಸಿಟ್ಟಲ್ಲ, ಬೂದಿಯ ಮೇಲೆ ಹನಿಯ ಗುರುತು ಕಂಡಾಗಿನ ಗಾಬರಿ. ಓಡಿಹೋಗಿ ಕಾಲುಚೀಲ ತಂದು ಬೆಳಕಿಗೆ ಹಿಡಿದು ಹೊಲಿಗೆ ಹುಡುಕಿದ.

"ಎಲ್ಲೂ ತೂತಿಲ್ಲ. ನೀನು ಹಾಕ್ಕೊಳ್ಳದೇ ಓಡಾಡಿದೀಯ ಪದ್ದಿ."

"ಈ ಎರಡ್ಮೂರು ದಿನ ಹಾಕ್ಕೊಂಡಿಲ್ಲ. ಅದಕ್ಕೂ ಮುಂಚೆ ಒಂದಿನಾನೂ ಬಿಚ್ಚಿಲ್ಲ. ಇದು ಅವಾಗಾಗಿದ್ದು."

"ನನ್ ಬಟ್ಟೆ ಒಳಗೆ ಒಂದು ಹನಿ ಇಳಿಯಲ್ಲ."

"ನಾನೆಲ್ಲಿ ಇಳಿಯತ್ತೆ ಅಂದೆ?"

ಅತ್ತೆ ಒದ್ದೆ ತಲೆಗೆ ಪಂಚೆ ಸುತ್ತಿಕೊಂಡು, ಕುಂಟುತ್ತ ಬಂದು, ಅವನ ಕೈಯಿಂದ ಚೀಲ ತೆಗೆದುಕೊಂಡಳು. ಹಗ್ಗಕ್ಕೆ ಲಾಡಿ ಕಟ್ಟಿ ಅದನ್ನು ನೇತುಹಾಕಿ, ಅಪ್ಪನ ಚೊಂಬಿನಿಂದಲೇ ಅದರೊಳಗೆ ನೀರು ಸುರಿದಳು. ಒಲೆಯಿಂದ ಬೂದಿ ತಂದು ಕೆಳಗೆ ಉದುರಿಸಿದಳು. ನೀರು ತುಂಬಿದ ಚೀಲ ಉಬ್ಬಿ, ಒಂದು ಕಾಲಿನ ಆಕಾರ ತಾಳಿ, ಪಡಸಾಲೆಯ ನಡುವೆ ನಿಧಾನಕ್ಕೆ ತಿರುಗುತ್ತ ನಿಂತಿತು. ನಾವೆಲ್ಲ ಬೂದಿಯನ್ನು ನೋಡಿದೆವು. ಒಂದು ಹನಿಯೂ ಬೀಳಲಿಲ್ಲ.

"ನೋಡು ಅಣ್ಣ, ಎಂಥ ಕೆಲ್ಸ ನಿಂದು," ಅಂದಳು ಅತ್ತೆ. "ನನ್ ಕಾಲು ಇರೋದು ಇದರೊಳಗೆ."

ಆ ಮಧ್ಯಾಹ್ನ ಅಪ್ಪ ಊಟಕ್ಕೆ ಕೂತ. ಅಮ್ಮ ಮತ್ತೆ ಮತ್ತೆ ಬಡಿಸಿದಳು, ಅವನು ಬೇಡ ಅನ್ನಲಿಲ್ಲ, ತಿನ್ನಲೂ ಇಲ್ಲ. ಒಂದು ಗೊತ್ತಿದ್ದ ವಿಷಯ ತಲೆಕೆಳಗಾಗಿ ನಿಂತರೆ ಮನುಷ್ಯ ಹೇಗೆ ಕಾಣುತ್ತಾನೆ ಎಂದು ನಾನು ಮೊದಲು ನೋಡಿದ್ದು ಅವತ್ತು. ಅದರ ನೆನಪೇ ನನ್ನನ್ನು ಇಷ್ಟು ಅನುಮಾನದವಳನ್ನಾಗಿ ಮಾಡಿತೋ ಏನೋ. ಕೈ ತೊಳೆದು ಬಂದ ಮೇಲೆ ಅವನು ಹೇಳಿದ.

"ಚೀಲದ ಮಾತು ಬಿಡು. ಹುಣ್ಣು ಒಣಗೋವರೆಗೂ ಮನೆ ಬಿಟ್ಟು ಹೊರಡಬೇಡ. ಈ ಮಳೇಲಿ ಒಣಗಲಿಲ್ಲ ಅಂದ್ರೆ, ನಾನು ಮೊದಲೇ ಹೇಳಿದ್ದೆ."

ಕೆಸರುಹುಣ್ಣು ಬೇಗ ಒಣಗಲು ಏನು ಮಾಡಬೇಕು ಎಂಬುದು ಹಲಸೂರಿನ ಎಲ್ಲ ಹೆಂಗಸರಿಗೂ ಗೊತ್ತಿತ್ತು. ನಮ್ಮ ಮನೆಯಲ್ಲಿ ಅಜ್ಜಿಗೂ ಅಮ್ಮನಿಗೂ ಅತ್ತೆಗೂ ಗೊತ್ತಿತ್ತು. ಯಾರೂ ಹೇಳಲಿಲ್ಲ. ಹರಳೆಣ್ಣೆ ಅರಿಶಿನ ಹಚ್ಚಿದರು, ಬೇವಿನ ಹೊಗೆ ಹಾಕಿದರು. ಮಳೆ ಹೊಡೆಯುತ್ತಲೇ ಇತ್ತು. ಅತ್ತೆ ಬೆಳಗ್ಗೆ ಹೊರಡುವ ಹೊತ್ತಿಗೆ ಸರಿಯಾಗಿ ಎದ್ದು ತಲೆ ಬಾಚಿ, ಹೊರಡದೆ, ಎಣ್ಣೆಬಟ್ಟೆಗಳ ನಡುವೆ ಗೋಡೆಗೆ ಒರಗಿ ಕೂತಿರುತ್ತಿದ್ದಳು. ಕೊನೆಗೆ ಅದನ್ನು ಹೇಳಿದವರು ಬಟ್ಟೆ ಒಯ್ಯಲು ಬಂದ ಗಫೂರ್ ಸಾಹೇಬರು.

"ಕ್ಯಾ ಟೀಚರಮ್ಮಾ, ಸ್ಕೂಲಿಗೆ ರಜಾ?"

"ಕಾಲು ಸರಿಯಿಲ್ಲ ಸಾಹೇಬ್ರೆ."

"ಕೆಸರುಹುಣ್ಣಾ? ಅರೆ ಸೀನಣ್ಣಾ, ಅದಕ್ಯಾಕೆ ಇಷ್ಟು ಫಿಕರ್? ಮದರಂಗಿ ಅರೆದು ಮೆತ್ತಿ ಬೆರಳ ಸಂದಿಗೆ. ನಮ್ಮ ಮನೇಲಿ ಮಳೆ ಬಂದ್ರೆ ಮುದುಕರು ಮಕ್ಕಳು ಎಲ್ಲಾರ್ಗೂ ಅದೇ ದವಾ."

ಅಮ್ಮ ಎದ್ದು ಅಡುಗೆಮನೆಗೆ ಹೋದಳು. ಸಾಹೇಬರು ಅತ್ತೆಯ ಬರಿ ಹಣೆಯನ್ನು ನೋಡಿದರು, ಅಜ್ಜಿಯನ್ನು ನೋಡಿದರು, ತಮ್ಮ ಟೋಪಿ ಸರಿಮಾಡಿಕೊಂಡರು. ಮದರಂಗಿ ಮುತ್ತೈದೆಯರ ಕೈಕಾಲಿನ ಬಣ್ಣ, ಮದುವಣಗಿತ್ತಿಯ ಬಣ್ಣ. ಗಂಡ ಸತ್ತವಳು ಅದನ್ನು ಮುಟ್ಟುವಂತಿಲ್ಲ ಎಂದು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

"ಮಾಫ್ ಮಾಡಿ ಅಮ್ಮಾ," ಅಂದು ಬಟ್ಟೆಯ ಗಂಟು ಹೊತ್ತು ಹೊರಟರು.

ಇಲ್ಲಿಂದ ಮುಂದೆ ನನ್ನ ಬಳಿ ಒಂದಕ್ಕಿಂತ ಹೆಚ್ಚು ಕಥೆಗಳಿವೆ. ಮಾರನೆಯ ಮಧ್ಯಾಹ್ನ ಅಜ್ಜಿಯೇ ತಲೆಗೆ ಗೋಣಿ ಹೊದ್ದು ಹೋಗಿ ದೊರೆಗಳ ಬಂಗಲೆಯ ಮದರಂಗಿ ಬೇಲಿಯಿಂದ ಸೊಪ್ಪು ಕಿತ್ತು ತಂದಳು ಎಂಬುದು ಒಂದು. ಫ್ರೇಜರ್ ಟೌನಿನ ತಮ್ಮ ಮನೆಯಿಂದ ಗಫೂರ್ ಸಾಹೇಬರ ಹೆಂಡತಿ ಕಳಿಸಿಕೊಟ್ಟರು ಎಂಬುದು ಅಮ್ಮ ಹೇಳುತ್ತಿದ್ದದ್ದು. ನಾನು ಕಣ್ಣಾರೆ ಕಂಡದ್ದು ಅಜ್ಜಿ ಒರಳುಕಲ್ಲಿನ ಮುಂದೆ ಕೂತು ಹಸಿರು ಸೊಪ್ಪು ಅರೆಯುವುದನ್ನು. ಮಗಳ ಮೇಲಿನ ಕರುಣೆ ಅವಳ ಕಟ್ಟಳೆಯನ್ನು ಗೆದ್ದಿತು ಎಂದು ಬರೆದರೆ ಚೆನ್ನಾಗಿರುತ್ತದೆ. ಆದರೆ ಅಜ್ಜಿಯ ಮುಖದಲ್ಲಿ ಕರುಣೆಯಂಥದ್ದೇನೂ ಇರಲಿಲ್ಲ. ಅಕ್ಕಿ ರುಬ್ಬುವಾಗಿನ ಮುಖವೇ ಇತ್ತು. ಬೆಳಗಿನಿಂದ ಸಂಜೆವರೆಗೆ ಗೋಡೆಗೆ ಒರಗಿ ಕೂತ ಮಗಳನ್ನು ನೋಡಿ ನೋಡಿ, ಹೀಗೇ ಇನ್ನೂ ಎಷ್ಟು ವರ್ಷ ನೋಡಬೇಕಾದೀತು ಎಂದು ಅವಳು ಲೆಕ್ಕ ಹಾಕಿರಬಹುದು. ಅಥವಾ ಹಾಕಿರಲಿಕ್ಕಿಲ್ಲ.

ಅತ್ತೆಯನ್ನು ಹಿತ್ತಲ ಬಾಗಿಲಿನ ಬೆಳಕಿಗೆ ಕೂರಿಸಿ, ಅವಳ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಹಳೆಯ ಬಟ್ಟೆಯಿಂದ ಒಂದೊಂದೇ ಬೆರಳನ್ನು ಒತ್ತಿ ಒತ್ತಿ ಒರೆಸಿದಳು. ಅಮ್ಮ ಕೆಂಡದ ಮಡಕೆಯನ್ನು ಹತ್ತಿರಕ್ಕೆ ತಳ್ಳಿದಳು.

"ಅಮ್ಮ, ಬೇಡ," ಅಂದಳು ಅತ್ತೆ. "ನಾಳೆ ನಿನ್ನನ್ನೇ ಅಂತಾರೆ."

"ಸುಮ್ನಿರು. ಸಂದಿಗೆ ಮಾತ್ರ ಇಡ್ತೀನಿ. ಮೇಲೆ ಬಣ್ಣ ಹತ್ತಲ್ಲ."

"ಹತ್ತತ್ತೆ."

"ಹತ್ತಿದ್ರೆ ಹತ್ತಲಿ. ಕಾಲು ಅಲ್ಲಾಡಿಸ್ಬೇಡ."

ಅಜ್ಜಿ ಕಡ್ಡಿಯ ತುದಿಯಿಂದ, ಹುಣ್ಣಿರುವ ಕಡೆ ಮಾತ್ರ, ಆದಷ್ಟು ಒಳಗೆ ಇಟ್ಟಳು. ಉರಿಗೆ ಅತ್ತೆ ತುಟಿ ಕಚ್ಚಿಕೊಂಡಳು. ಮರುದಿನವೂ ಹಚ್ಚಿದಳು, ಅದರ ಮರುದಿನವೂ. ಮದರಂಗಿ ಇಟ್ಟ ಕಡೆ ನಿಲ್ಲುವ ವಸ್ತುವಲ್ಲ. ಸೋರಿ ಅಂಗಾಲಿಗೆ ಇಳಿಯಿತು, ಉಗುರಿಗೆ ಹತ್ತಿತು, ಪಾದದ ಅಂಚಿನುದ್ದಕ್ಕೂ ಹರಡಿತು. ಹುಣ್ಣು ಬಿಗಿದು ಒಣಗಿತು, ಚರ್ಮ ಗಟ್ಟಿಯಾಯಿತು. ಮಳೆ ಒಂದಿಷ್ಟೂ ಕಡಿಮೆಯಾಗದ ಒಂದು ಬೆಳಗ್ಗೆ ಅತ್ತೆ ಅಪ್ಪನ ಮುಂದೆ ಬಂದು ನಿಂತಳು. ಬೂಟಿಲ್ಲ, ಚೀಲವಿಲ್ಲ. ಸೀರೆಯ ಅಂಚು ಕಣಕಾಲಿಗಿಂತ ಮೇಲೆ ಎತ್ತಿ ಸಿಕ್ಕಿಸಿತ್ತು. ಕಂಕುಳಲ್ಲಿ ಎಣ್ಣೆಬಟ್ಟೆಯ ಚೂರಿನಲ್ಲಿ ಸುತ್ತಿದ, ಕಾಲು ಒರೆಸುವ ಒಣ ಪಂಚೆ. ಪಾದಗಳು ಮದುಮಗಳ ಪಾದಗಳ ಹಾಗೆ ಕೆಂಪಗಿದ್ದವು.

ಅಪ್ಪ ಬಗ್ಗಿ ಬೆರಳ ಸಂದಿಗಳನ್ನು ನೋಡಿದ. ನೋಡಬೇಕಾದ್ದು ಅಷ್ಟೇ ಎಂಬಂತೆ ನೋಡಿದ.

"ಒಣಗಿದೆ," ಅಂದ. ಆಮೇಲೆ ದನಿ ತಗ್ಗಿಸಿ, "ಪದ್ದಿ, ಈ ಬಣ್ಣ ಹೋಗೋವರೆಗೆ ಒಂದು ನಾಲ್ಕು ದಿನ ತಡಿಬಾರ್ದಾ?"

"ನೀನು ಹೇಳಿದ್ದು ಹುಣ್ಣಿನ ಮಾತು ಅಣ್ಣ. ಬಣ್ಣದ್ದು ಹೇಳಿರ್ಲಿಲ್ಲ."

ಅಪ್ಪ ಅಜ್ಜಿಯ ಕಡೆ ತಿರುಗಿದ. ಬೇಡ ಅನ್ನುವ ಕೆಲಸ ಅಜ್ಜಿಯದು, ಆ ಮನೆಯಲ್ಲಿ ಮೊದಲಿನಿಂದಲೂ. ಅಜ್ಜಿ ಅಕ್ಕಿ ಆರಿಸುತ್ತಿದ್ದಳು. ಮೊರದಿಂದ ತಲೆ ಎತ್ತಲಿಲ್ಲ.

"ಮಧ್ಯಾಹ್ನಕ್ಕೆ ಉಪ್ಪಿಟ್ಟು ಕಟ್ಟಿದೀನಿ," ಅಂದಳು. "ಮಗೂಗೂ ಸೇರಿಸಿ. ಹೋಗಿ."

ಹೊರಗೆ ಬೀದಿಯಲ್ಲಿ ನೀರು ಹರಿಯುತ್ತಿತ್ತು. ಜಗಲಿಯಿಂದ ಇಳಿಯುವಾಗ ಅತ್ತೆ ಒಂದು ಕ್ಷಣ ನಿಂತಳು, ಆಮೇಲೆ ಎರಡೂ ಪಾದಗಳನ್ನು ನೀರಿಗೆ ಇಳಿಸಿದಳು. ಎದುರು ಮನೆಯ ಕಾಮಾಕ್ಷಮ್ಮ, ಬಾಗಿಲಿಗೆ ಬಂದ ನೀರನ್ನು ಪೊರಕೆಯಿಂದ ತಳ್ಳುತ್ತಿದ್ದವಳು, ಪೊರಕೆ ನಿಲ್ಲಿಸಿದಳು. ಕಣ್ಣು ಕೆಳಗೆ ಹೋಯಿತು, ಮೇಲೆ ಬಂತು, ಮತ್ತೆ ಕೆಳಗೆ ಹೋಯಿತು.

"ಏನ್ ಪದ್ದಮ್ಮಾ, ಯಾರ ಮನೇಲಿ ಮದ್ವೆ?"

ನಾನು ಅತ್ತೆಯ ಕೈ ಹಿಡಿದೆ. ಅವಳು ನಿಲ್ಲಲಿಲ್ಲ, ಸೀರೆಯನ್ನು ಕೆಳಕ್ಕೆ ಇಳಿಸಲೂ ಇಲ್ಲ.

"ಯಾರ ಮನೇಲೂ ಇಲ್ಲ ಕಾಮಾಕ್ಷಮ್ಮ," ಅಂದಳು. "ಸ್ಕೂಲಿಗೆ ಹೊತ್ತಾಯ್ತು."